ಮನುಷ್ಯರ ಸಾಗಾಣಿಕೆ: ಗುರುತು ಹಿಡಿಯುವ ಬಗೆ

'ಮಾನವ ಕಳ್ಳಸಾಗಾಣಿಕೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಹೆಗಲ ಮೇಲೆ ಗೋಣಿಚೀಲ ಹೊತ್ತ ಅಪರಿಚಿತನೊಬ್ಬ ಮುಸ್ಸಂಜೆಯಲ್ಲಿ ಓಣಿಗೆ ಬರುತ್ತಾನೆ, ಆಡುತ್ತಿರುವ ಕೂಸಿಗೆ ಮಿಠಾಯಿ ತೋರಿಸುತ್ತಾನೆ, ಕೂಸು ಕಾಣೆಯಾಗುತ್ತದೆ. ಹೊತ್ತು ಮುಳುಗುವ ಮೊದಲೆ ಮಕ್ಕಳನ್ನು ಮನೆ ಸೇರಿಸುವುದಕ್ಕಾಗಿ ನಮ್ಮ ಅಜ್ಜಿಯರು ಹೇಳುತ್ತಿದ್ದ ಕತೆ ಇದು. ನಾವು ದೊಡ್ಡವರಾದರೂ ಆ ಚಿತ್ರ ಮನಸ್ಸಿನಿಂದ ಅಳಿದಿಲ್ಲ. ಆದರೆ ಅದನ್ನೇ ನಂಬಿಕೊಂಡು ಕುಳಿತರೆ ಎರಡು ಅನಾಹುತಗಳು ಆಗುತ್ತವೆ.

ಮೊದಲನೆಯದು, ಏನೂ ಅರಿಯದವನ ಮೇಲೆ ಕೈ ಬೀಳುವುದು. ನಮ್ಮ ನೆರೆಯ ಬೀದರ ಜಿಲ್ಲೆಯಲ್ಲಿ, ಔರಾದ ಸೀಮೆಯ ಮುರ್ಕಿ ಎಂಬ ಊರಿನಲ್ಲಿ, 2018ರ ಜುಲೈ ತಿಂಗಳಲ್ಲಿ ನಡೆದುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದರು. ಅಷ್ಟೇ ಸಾಕಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಅವರು ಊರು ಮುಟ್ಟುವುದಕ್ಕಿಂತ ಮೊದಲೆ ಅವರಿಗಾಗಿ ಕಾದು ನಿಂತಿತು. ಜನ ಕೂಡಿ ಹೊಡೆದ ಹೊಡೆತಕ್ಕೆ ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟರು. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ.

ಎರಡನೆಯದು, ನಿಜವಾದ ಸಾಗಾಣಿಕೆಗಾರ ನಮ್ಮ ಕಣ್ಣಿಗೆ ಬೀಳದೆ ಹೋಗುವುದು. ನಾವು ಗೋಣಿಚೀಲದವನನ್ನು ಹುಡುಕುತ್ತಿರುವಾಗ, ಅವನು ನಮ್ಮದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿರುತ್ತಾನೆ. ಅವನು ಕತ್ತಲಲ್ಲಿ ಬರುವುದಿಲ್ಲ. ಕದ್ದು ಒಯ್ಯುವುದೂ ಅಪರೂಪ. ಹಗಲು ಹೊತ್ತಿನಲ್ಲಿ, ಟಿಕೇಟು ತೆಗೆಸಿ, ತಾಯಿ ಕಣ್ಣೊರೆಸಿಕೊಳ್ಳುತ್ತ ಬುತ್ತಿ ಕಟ್ಟಿಕೊಟ್ಟ ಮೇಲೆಯೇ ಬಸ್ಸು ಹೊರಡುತ್ತದೆ. ಕರೆದೊಯ್ಯುವವನು ಬಹಳ ಸಲ ಗುರುತಿನವನು: ದೂರದ ಸಂಬಂಧಿ, ಒಂದೇ ಊರಿನವನು, ಮೊದಲು ಹೋಗಿ ಬಂದ ಗೆಳತಿ, ಮದುವೆ ಮಾಡಿಸುವ ದಲ್ಲಾಳಿ, ಕೆಲಸಕ್ಕೆ ಜನ ಕೂಡಿಸುವ ಮುಕಾದಮ. ಅವನು ತರುವುದು ಭಯವನ್ನಲ್ಲ, ಒಳ್ಳೆಯ ಸುದ್ದಿಯನ್ನು. ಆದುದರಿಂದಲೆ ಅದನ್ನು ಗುರುತಿಸುವುದು ಕಷ್ಟ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಅದಕ್ಕೆ ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಆಳಂದವು ಗಡಿಯ ತಾಲ್ಲೂಕು. ಒಂದು ಕಡೆ ಅಕ್ಕಲಕೋಟ, ಸೊಲ್ಲಾಪುರ. ಇನ್ನೊಂದು ಕಡೆ ಉಮರ್ಗಾ. ಬೆಳಿಗ್ಗೆ ಬಸ್ಸು ಹತ್ತಿದವನು ಮಧ್ಯಾಹ್ನದ ಊಟಕ್ಕೆ ಬೇರೆ ರಾಜ್ಯದಲ್ಲಿ, ಬೇರೆ ಮಾತಿನ ನಡುವೆ ಇರುತ್ತಾನೆ. ಅಫಜಲಪುರ, ಜೇವರ್ಗಿಗಳಿಗೆ ಭೀಮೆಯ ನೀರು ತಾಗಿದ ಹೊಲಗಳಿವೆ. ಉಳಿದದ್ದು ಹೆಚ್ಚಾಗಿ ಮಳೆಯನ್ನೇ ನಂಬಿದ ಕಪ್ಪು ನೆಲ. ತೊಗರಿಯ ರಾಶಿ ಮುಗಿದ ಮೇಲೆ ಮುಂಗಾರು ಬೀಳುವ ತನಕ ಕೂಲಿಯವನ ಕೈಗೆ ಕೆಲಸ ಕಡಿಮೆ. ಆಗ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಗಂಟು ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಹೊಸದಲ್ಲ. ಆ ಊರುಗಳಲ್ಲಿ ಎದ್ದ ಎಷ್ಟೋ ಮನೆಗಳಿಗೆ ಕಲ್ಲು ಗಾರೆ ಹೊತ್ತವರು ನಮ್ಮವರು.

ಹೀಗೆ ಹೋಗುವುದು ತಪ್ಪೆಂದು ಯಾರೂ ತಿಳಿಯಬಾರದು. ದೇಶದ ಯಾವ ಮೂಲೆಗಾದರೂ ಹೋಗಿ ದುಡಿಯುವುದು ಪ್ರತಿಯೊಬ್ಬ ನಾಗರಿಕನ ಹಕ್ಕು. ಹೋದವರೆಲ್ಲ ಮೋಸ ಹೋದವರಲ್ಲ. ಕರೆದೊಯ್ದವರೆಲ್ಲ ಮೋಸಗಾರರೂ ಅಲ್ಲ. ಹೋಗುವಾಗ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಬಗೆಯ ಗಂಟು ಹಿಡಿದು ಕುಳಿತಿರುತ್ತಾರೆ. ವ್ಯತ್ಯಾಸ ಕಾಣುವುದು ತಿರುಗಿ ಬರುವ ದಾರಿಯಲ್ಲಿ. ದುಡಿಯಲು ಹೋದವನು ಬೇಡವೆನಿಸಿದ ದಿನ ಬಿಟ್ಟು ಬರಬಲ್ಲ. ಸಾಗಾಣಿಕೆಗೆ ಸಿಕ್ಕವನು ಬರಲಾರ. ಏಕೆಂದರೆ ಆ ದಾರಿಯನ್ನು ಒಂದೊಂದಾಗಿ ಮುಚ್ಚಲಾಗಿದೆ. ಆದುದರಿಂದ ನಾನು ಮುಂದೆ ಹೇಳುವ ಗುರುತುಗಳನ್ನೆಲ್ಲ ನೆನಪಿಡಲು ಆಗದಿದ್ದರೂ ಚಿಂತೆಯಿಲ್ಲ. ಒಂದೇ ಪ್ರಶ್ನೆ ನೆನಪಿದ್ದರೆ ಸಾಕು: ಈ ಮನುಷ್ಯನಿಗೆ ತಿರುಗಿ ಬರುವ ದಾರಿ ತೆರೆದಿದೆಯೆ?

ಕಾನೂನು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 23ನೆಯ ವಿಧಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ಒಟ್ಟಿಗೆ ನಿಷೇಧಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಈ ಅಪರಾಧವನ್ನು ಬಿಡಿಸಿ ಹೇಳುತ್ತದೆ. ಅದರಲ್ಲಿ ಮೂರು ಸಂಗತಿಗಳು ಕೂಡಬೇಕು. ಒಂದು, ಮಾಡಿದ ಕೆಲಸ: ಜನರನ್ನು ಕೂಡಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು, ಬೇರೆಯವರಿಗೆ ಒಪ್ಪಿಸುವುದು ಅಥವಾ ಬೇರೆಯವರಿಂದ ಪಡೆಯುವುದು. ಎರಡು, ಮಾಡಿದ ಬಗೆ: ಬೆದರಿಕೆ, ಬಲಾತ್ಕಾರ, ಅಪಹರಣ, ಮೋಸ, ಅಧಿಕಾರದ ದುರುಪಯೋಗ, ಆಮಿಷ. ಮೂರು, ಮಾಡಿದ ಉದ್ದೇಶ: ಶೋಷಣೆ. ಶೋಷಣೆಯೆಂದರೆ ಲೈಂಗಿಕ ಶೋಷಣೆಯೊಂದೇ ಅಲ್ಲ. ಗುಲಾಮಗಿರಿ, ಜೀತದಂಥ ದುಡಿಮೆ, ಭಿಕ್ಷೆ ಬೇಡಿಸುವುದು, ದೇಹದ ಅಂಗಗಳನ್ನು ಬಲವಂತದಿಂದ ತೆಗೆಯುವುದು ಇವೆಲ್ಲವೂ ಸೇರುತ್ತವೆ. ಶಿಕ್ಷೆ ಕನಿಷ್ಠ 7 ವರ್ಷ. ಸಿಕ್ಕದ್ದು ಮಗುವಾದರೆ ಕನಿಷ್ಠ 10 ವರ್ಷ, ಜೀವಾವಧಿಯ ತನಕವೂ ಹೋಗಬಹುದು.

ಇದರಲ್ಲಿ ಎರಡು ಮಾತುಗಳನ್ನು ವಿಶೇಷವಾಗಿ ಗಮನಿಸಬೇಕು. 'ಅವಳೇ ಒಪ್ಪಿ ಹೋದಳಲ್ಲ' ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಸಿಕ್ಕವರ ಒಪ್ಪಿಗೆಗೆ ಬೆಲೆಯಿಲ್ಲವೆಂದು ಕಾನೂನು ಸ್ಪಷ್ಟವಾಗಿ ಹೇಳಿದೆ. ಸುಳ್ಳು ಹೇಳಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವಷ್ಟೆ! ಇನ್ನೊಂದು, ಕಳಿಸಿದವನಷ್ಟೇ ಅಲ್ಲ, ಪಡೆದವನೂ ಅಪರಾಧಿ. ಈ ಎರಡನೆಯ ಮಾತಿಗೆ ಮುಂದೆ ತಿರುಗಿ ಬರುತ್ತೇನೆ.

ಇದು ಬಡ ಹೆಣ್ಣುಮಕ್ಕಳಿಗೆ ಮಾತ್ರ ಒದಗುವ ಆಪತ್ತು ಎಂದುಕೊಂಡವರಿಗೆ ನಮ್ಮ ಜಿಲ್ಲೆಯದೇ ಒಂದು ಪ್ರಸಂಗವನ್ನು ಹೇಳಬೇಕು. 2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾ ದೇಶಕ್ಕೆ ಹೋದರು. ಕಾವಲುಗಾರನ ಕೆಲಸ, ಸಹಾಯಕನ ಕೆಲಸ, ಕೈತುಂಬ ಸಂಬಳ ಎಂದು ಅವರಿಗೆ ಹೇಳಲಾಗಿತ್ತು. ಈ ಮಾತು ಅವರಿಗೆ ತಲುಪಿದ್ದು ಮೊಬೈಲಿನಲ್ಲಿ ನೋಡುವ ಒಂದು ವಿಡಿಯೋ ವಾಹಿನಿಯಿಂದ. ಅಲ್ಲಿಗೆ ಹೋದ ಮೇಲೆ ಕೈಗೆ ಬಂದದ್ದು ಬಂದೂಕು. ಕಂಡದ್ದು ಉಕ್ರೇನಿನ ಯುದ್ಧಭೂಮಿ. 2024ರ ಫೆಬ್ರವರಿಯಲ್ಲಿ ಅವರು ತಮ್ಮನ್ನು ಪಾರು ಮಾಡಿರೆಂದು ಮೊರೆಯಿಟ್ಟ ಸಂದೇಶಗಳು ಇಲ್ಲಿಗೆ ಮುಟ್ಟಿದವು. ಮಾರ್ಚ್ ತಿಂಗಳಲ್ಲಿ ಕೇಂದ್ರೀಯ ತನಿಖಾ ದಳವು ಇದನ್ನು ಮಾನವ ಸಾಗಾಣಿಕೆಯ ಮೊಕದ್ದಮೆಯನ್ನಾಗಿಯೇ ದಾಖಲಿಸಿ, ಏಳು ನಗರಗಳಲ್ಲಿ ಶೋಧ ನಡೆಸಿತು. ಜುಲೈಯಲ್ಲಿ ಪ್ರಧಾನಮಂತ್ರಿಗಳು ಮಾಸ್ಕೋ ನಗರದಲ್ಲಿ ರಷ್ಯಾದ ಅಧ್ಯಕ್ಷರೊಡನೆ ಈ ವಿಷಯ ಎತ್ತಿದರು. ನಮ್ಮ ಯುವಕರು ಮನೆ ಸೇರಿದ್ದು ಸೆಪ್ಟೆಂಬರ್ ತಿಂಗಳಲ್ಲಿ. ಇದೇ ಜಾಲದಲ್ಲಿ ಸಿಕ್ಕಿದ್ದ ಸೂರತ್ತಿನ ಒಬ್ಬ, ಹೈದರಾಬಾದಿನ ಒಬ್ಬ ಯುವಕ ಮಾತ್ರ ಜೀವಂತವಾಗಿ ತಿರುಗಿ ಬರಲಿಲ್ಲ.

ಈ ಹುಡುಗರು ಓದು ಬರಹ ಬಲ್ಲವರು, ಗಟ್ಟಿಮುಟ್ಟಾದ ಗಂಡಾಳುಗಳು. ಇವರನ್ನು ಯಾರೂ ಚೀಲದಲ್ಲಿ ಹಾಕಿಕೊಂಡು ಹೋಗಲಿಲ್ಲ. ವಿಮಾನದ ಟಿಕೇಟು ಪಡೆದು ತಾವೇ ಹತ್ತಿದರು. ಇದೇ ರೀತಿ ಕಂಪ್ಯೂಟರ್ ಕೆಲಸವೆಂದು ಥೈಲೆಂಡಿಗೆ ಕರೆಸಿ, ಅಲ್ಲಿಂದ ಮ್ಯಾನ್ಮಾರಿನ ಗಡಿ ದಾಟಿಸಿ, ಬೇಲಿ ಹಾಕಿದ ಆವರಣಗಳಲ್ಲಿ ಕೂಡಿಸಿ, ಫೋನಿನ ಮೂಲಕ ಜಗತ್ತಿನ ಜನರಿಗೆ ಮೋಸ ಮಾಡುವ ಕೆಲಸ ಮಾಡಿಸಿದ ಪ್ರಸಂಗಗಳೂ ಉಂಟು. 2025ರ ಮಾರ್ಚ್ ತಿಂಗಳಲ್ಲಿ ಎರಡೇ ದಿನಗಳಲ್ಲಿ ವಾಯುಸೇನೆಯ ವಿಮಾನಗಳು ಅಲ್ಲಿಂದ 549 ಮಂದಿ ಭಾರತೀಯರನ್ನು ಕರೆತಂದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಓದಿದವರಿಗೂ ಓದದವರಿಗೂ ಒಂದೇ ಪಾಠ.

ಈಗ ಗುರುತುಗಳನ್ನು ಒಂದೊಂದಾಗಿ ನೋಡೋಣ. ಮೊದಲು, ಮನೆ ಬಿಡುವುದಕ್ಕಿಂತ ಮುಂಚೆ ಕಾಣುವವು.

ಆತುರ ಮೊದಲನೆಯ ಗುರುತು. 'ನಾಳೆಯೇ ಹೊರಡಬೇಕು, ಇಲ್ಲವಾದರೆ ಜಾಗ ಬೇರೆಯವರ ಪಾಲು' ಎಂದು ಅವಸರ ಮಾಡುವವನು ನಿಮಗೆ ವಿಚಾರಿಸುವ ಹೊತ್ತು ಕೊಡಬಾರದೆಂದೇ ಹಾಗೆ ಮಾಡುತ್ತಾನೆ. ಅಸ್ಪಷ್ಟತೆ ಎರಡನೆಯದು. ಸಂಬಳ ಎಷ್ಟೆಂಬುದನ್ನು ಬಾಯ್ತುಂಬ ಹೇಳುತ್ತಾನೆ. ಕೆಲಸ ಯಾವುದು, ಯಾರ ಹತ್ತಿರ, ಯಾವ ಊರಿನ ಯಾವ ಓಣಿಯಲ್ಲಿ ಎಂದು ಕೇಳಿದರೆ 'ಅಲ್ಲಿ ಹೋದ ಮೇಲೆ ತಿಳಿಯುತ್ತದೆ' ಎನ್ನುತ್ತಾನೆ. ಗುಟ್ಟು ಮೂರನೆಯದು. 'ಯಾರಿಗೂ ಹೇಳಬೇಡಿ, ಕಣ್ಣು ಬೀಳುತ್ತದೆ' ಎಂಬ ಮಾತು ಬಂದ ಕೂಡಲೆ ಎಚ್ಚರಾಗಬೇಕು. ಒಳ್ಳೆಯ ನೌಕರಿಗೆ ಗುಟ್ಟಿನ ಅಗತ್ಯವಿಲ್ಲ. ನಾಲ್ಕನೆಯದು, ಜೊತೆಗೆ ಒಬ್ಬರು ಬಂದು ಜಾಗ ನೋಡಿ ಹೋಗುತ್ತೇವೆ ಎಂದರೆ ಒಪ್ಪದಿರುವುದು. ಐದನೆಯದು, ಆಧಾರ ಚೀಟಿ, ಪಾಸ್‌ಪೋರ್ಟು, ಶಾಲೆಯ ದಾಖಲೆ, ಬ್ಯಾಂಕಿನ ಪುಸ್ತಕ ಇವುಗಳ ಮೂಲ ಪ್ರತಿಗಳನ್ನು 'ನನ್ನ ಹತ್ತಿರ ಇರಲಿ' ಎಂದು ಕೇಳುವುದು. ಹದಿನಾರರ ಹುಡುಗಿಗೆ ಹತ್ತೊಂಬತ್ತೆಂದು ಬರೆದ ಹೊಸ ದಾಖಲೆ ಮಾಡಿಸಿಕೊಡುತ್ತೇನೆಂದರಂತೂ ಉಳಿದ ಮಾತೇ ಬೇಡ.

ಪರದೇಶದ ಕೆಲಸವಾದರೆ ಇನ್ನೂ ಎರಡು ವಿಷಯ ವಿಚಾರಿಸಬೇಕು. 1983ರ ವಲಸೆ ಕಾನೂನಿನ ಪ್ರಕಾರ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ಏಜೆಂಟನು ಭಾರತ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವನ ನೋಂದಣಿ ಸಂಖ್ಯೆ ಕೇಳಿ. ಸರ್ಕಾರದ 'ಇ-ಮೈಗ್ರೇಟ್' ಪಟ್ಟಿಯಲ್ಲಿ ಅದು ಇದೆಯೆ ಎಂದು ತಿಳಿದವರಿಂದ ನೋಡಿಸಿ. ಎರಡನೆಯದಾಗಿ, ಕೆಲಸಕ್ಕೆ ಹೋಗುವವನ ಕೈಗೆ ಪ್ರವಾಸಿಯ ವೀಸಾ ಕೊಟ್ಟರೆ ಅಲ್ಲಿಯೇ ಮೋಸ ಪ್ರಾರಂಭವಾಯಿತೆಂದು ತಿಳಿಯಿರಿ. ಆ ವೀಸಾದ ಮೇಲೆ ದುಡಿಯುವವನು ಪರದೇಶದಲ್ಲಿ ತಾನೇ ಅಪರಾಧಿಯಾಗುತ್ತಾನೆ. ದೂರು ಹೇಳಲು ಹೋದರೆ ತನಗೇ ಬೇಡಿ ಬಿದ್ದೀತೆಂದು ಬಾಯಿ ಮುಚ್ಚುತ್ತಾನೆ. ಅವನ ದಾರಿ ಮುಚ್ಚುವ ಬಗೆ ಇದು.

ಮದುವೆಯ ವೇಷದಲ್ಲಿ ಬರುವ ಸಾಗಾಣಿಕೆಯೂ ಉಂಟು. ಉತ್ತರ ಕರ್ನಾಟಕದ ಕೆಲವು ಕಡೆಗಳಿಂದ ದೂರದ ರಾಜ್ಯಗಳ ವರರಿಗೆ ಹುಡುಗಿಯರನ್ನು ದಲ್ಲಾಳಿಗಳ ಮೂಲಕ ಕೊಟ್ಟ ಪ್ರಸಂಗಗಳು ಬೆಳಕಿಗೆ ಬಂದಿವೆ. ಗಂಡಿನ ಕಡೆಯವರೇ ಮದುವೆಯ ಖರ್ಚೆಲ್ಲ ಹಾಕಿ, ಮೇಲೆ ಹಣವನ್ನೂ ಕೊಡುತ್ತಾರೆ; ಹುಡುಗಿಗೆ ಆ ಊರಿನ ಮಾತು ಬಾರದು; ವರನ ಮನೆ ನೋಡಿದವರು ಈ ಕಡೆ ಯಾರೂ ಇಲ್ಲ. ವರದಕ್ಷಿಣೆಯ ಭಾರದಿಂದ ಬೆಂದ ತಂದೆಗೆ ಇದು ದೇವರೇ ಕಳಿಸಿದ ಸಂಬಂಧದಂತೆ ಕಾಣುತ್ತದೆ. ನಮ್ಮ ಹಿರಿಯರು ಹೆಣ್ಣು ಕೊಡುವ ಮೊದಲು ಮನೆತನ ವಿಚಾರಿಸುತ್ತಿದ್ದರು, ನಾಲ್ಕು ಜನ ಹೋಗಿ ಮನೆ ನೋಡಿ ಬರುತ್ತಿದ್ದರು. ಆ ರೂಢಿ ಈ ಮಟ್ಟಿಗೆ ಬಹಳ ಒಳ್ಳೆಯದು, ಅದನ್ನು ಬಿಡಬಾರದು. ಹರಕೆಯ ಹೆಸರಿನಲ್ಲಿ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದೂ ಇದೇ ದಾರಿಗೆ ಒಯ್ದದ್ದುಂಟು. ಹಾಗೆ ಬಿಟ್ಟ ಎಷ್ಟೋ ಹುಡುಗಿಯರ ಬಾಳು ಮುಂಬಯಿ, ಪುಣೆಗಳ ವೇಶ್ಯಾಗೃಹಗಳಲ್ಲಿ ಸವೆಯಿತು. ನಮ್ಮ ರಾಜ್ಯವು 1982ರಲ್ಲಿಯೇ ಕಾಯಿದೆ ಮಾಡಿ ಇದನ್ನು ನಿಷೇಧಿಸಿದೆ.

ಇನ್ನು ಮುಂಗಡದ ವಿಷಯ. ಇದು ನಮ್ಮ ಗಡಿ ಸೀಮೆಗೆ ಬಹಳ ಹತ್ತಿರದ್ದು. ಕಬ್ಬು ಕಡಿಯುವ ಕಾಲ ಬಂತೆಂದರೆ ಮುಕಾದಮರು ಊರೂರಿಗೆ ಬಂದು ಮುಂಗಡ ಹಂಚುತ್ತಾರೆ. ಮಹಾರಾಷ್ಟ್ರದ ಕಡೆ ಗಂಡಹೆಂಡಿರ ಜೋಡಿಗೆ ಒಂದು 'ಕೊಯ್ತಾ' ಎಂದು ಲೆಕ್ಕ. ಇಟ್ಟಿಗೆ ಭಟ್ಟಿಗಳಲ್ಲಿ, ಕಟ್ಟಡದ ಕೆಲಸಗಳಲ್ಲಿಯೂ ಮುಂಗಡದ ರೂಢಿ ಉಂಟು. ಮುಂಗಡ ಪಡೆಯುವುದೇ ಅಪರಾಧವಲ್ಲ. ಆದರೆ ಆ ಹಣ ತೀರುವುದೆಂದು ಎಂಬುದಕ್ಕೆ ಲೆಕ್ಕವಿಲ್ಲದಾಗ, ಲೆಕ್ಕದ ವಹಿ ಒಬ್ಬನ ಕೈಯಲ್ಲೇ ಇದ್ದಾಗ, ಜ್ವರ ಬಂದು ಮಲಗಿದ ದಿನವೂ ಸಾಲಕ್ಕೆ ಸೇರಿದಾಗ, 'ಮುಂಗಡ ತೀರುವ ತನಕ ಜಾಗ ಬಿಡಬಾರದು' ಎಂದಾಗ, ಗಂಡ ಊರಿಗೆ ಹೋಗಿಬರಬೇಕಾದರೆ ಹೆಂಡತಿ ಮಕ್ಕಳನ್ನು ಒತ್ತೆಯಂತೆ ಇಟ್ಟುಕೊಂಡಾಗ ಅದು ಜೀತವಾಗುತ್ತದೆ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂದು ಸಾಲದ ಬಗ್ಗೆ ನಮ್ಮಲ್ಲಿ ಗಾದೆಯುಂಟು. ಈ ಸಾಲದಲ್ಲಿ ಮಾತ್ರ ಅದು ತಿರುಗುಮುರುಗು.

ಜೀತವೆಂಬುದು ಪುಸ್ತಕದ ಮಾತಲ್ಲ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ದೇಶದ ಬೇರೆಬೇರೆ ಕಡೆ ಈ ಪದ್ಧತಿಗಿದ್ದ ಹೆಸರುಗಳನ್ನು ಪಟ್ಟಿ ಮಾಡಿ ಹೇಳುವಾಗ 'ಜೀತ' ಎಂಬ ನಮ್ಮ ಮಾತನ್ನೂ ಸೇರಿಸಿಕೊಂಡಿದೆ. ಆ ಕಾಯಿದೆ ಬಂದಾಗ ಜೀತದ ಸಾಲಗಳೆಲ್ಲ ರದ್ದಾದವು. ಇಂದು ಯಾರಾದರೂ ಅಂಥ ಸಾಲ ತೋರಿಸಿ ಆಳನ್ನು ಹಿಡಿದಿಟ್ಟರೆ, ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದೇ, ಆಳಿನದಲ್ಲ. 1982ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಸಿವು, ಬಡತನಗಳು ಮನುಷ್ಯನಿಗೆ ಬೇರೆ ದಾರಿಯಿಲ್ಲದಂತೆ ಮಾಡುತ್ತವೆ. ಆದುದರಿಂದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಕೈಗೆ ಸಂಕೋಲೆ ಕಾಣದಿದ್ದ ಮಾತ್ರಕ್ಕೆ ಜೀತವಿಲ್ಲವೆಂದು ಹೇಳುವಂತಿಲ್ಲ.

ಎರಡನೆಯ ಬಗೆಯ ಗುರುತುಗಳು ದಾರಿಯಲ್ಲಿ ಕಾಣುವವು. ಬಸ್ ನಿಲ್ದಾಣದಲ್ಲಿ, ಗಾಣಗಾಪುರ ರೋಡ್ ಅಥವಾ ಕಲಬುರಗಿಯ ರೈಲು ನಿಲ್ದಾಣದಲ್ಲಿ, ಜಾತ್ರೆ ಉರುಸುಗಳ ಗದ್ದಲದಲ್ಲಿ ನೀವು ನಿಂತಿರುವಾಗ ಕಣ್ಣಿಗೆ ಬೀಳಬಹುದು. ಒಬ್ಬನೇ ದೊಡ್ಡವನ ಜೊತೆಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಐದಾರು ಮಕ್ಕಳಿರುತ್ತಾರೆ. ಎಲ್ಲಿಗೆ ಹೊರಟಿದ್ದೀರೆಂದು ಮಗುವನ್ನು ಕೇಳಿದರೆ ಉತ್ತರವನ್ನು ಅವನೇ ಕೊಡುತ್ತಾನೆ. ಆದರೆ ಮಗುವಿನ ತಂದೆಯ ಹೆಸರು ಅವನಿಗೆ ಗೊತ್ತಿಲ್ಲ. ಹುಡುಗಿ ಹೊಸ ಬಟ್ಟೆ ಉಟ್ಟಿದ್ದಾಳೆ, ಆದರೆ ಮುಖದಲ್ಲಿ ಹೊಸ ಬಟ್ಟೆಯ ಸಂತೋಷವಿಲ್ಲ. ಟಿಕೇಟು, ಫೋನು, ದುಡ್ಡು ಎಲ್ಲವೂ ಒಬ್ಬನ ಕಿಸೆಯಲ್ಲೇ ಇವೆ. ನೀರು ಕುಡಿಯಲು ಎದ್ದರೂ ಅವನ ಕಡೆ ನೋಡಿ ಏಳುತ್ತಾಳೆ. ಇಂಥ ಒಂದು ಗುರುತಿನಿಂದಲೇ ತೀರ್ಮಾನಕ್ಕೆ ಬರಬಾರದು. ಮಗಳನ್ನು ಗಂಡನ ಮನೆಗೆ ಕಳಿಸಲು ಹೊರಟ ತಂದೆಯೂ ಹೀಗೆಯೇ ಕಂಡಾನು. ಎರಡು ಮೂರು ಗುರುತುಗಳು ಕೂಡಿದಾಗ ಸಂಶಯಕ್ಕೆ ಆಧಾರವುಂಟು. ಆಗಲೂ ನಮ್ಮ ಕೆಲಸ ಹೊಡೆಯುವುದಲ್ಲ, ಗುಂಪು ಕೂಡಿಸುವುದಲ್ಲ, ಪೋಲೀಸರಿಗೆ ತಿಳಿಸುವುದು. ಮುರ್ಕಿಯನ್ನು ಮರೆಯಬಾರದು.

ಮೂರನೆಯವು, ಹೋದ ಮೇಲೆ ಫೋನಿನಲ್ಲಿ ಕಾಣುವವು. ಮಗ ಅಥವಾ ಮಗಳು ಮಾತಾಡುವಾಗ ಯಾವಾಗಲೂ ಹಿನ್ನೆಲೆಯಲ್ಲಿ ಬೇರೊಬ್ಬರ ದನಿಯಿರುತ್ತದೆ. ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಏನು ಕೇಳಿದರೂ 'ಆರಾಮ ಇದ್ದೀನವ್ವ' ಎಂಬ ಒಂದೇ ಉತ್ತರ. ಇರುವ ಜಾಗದ ಹೆಸರು ಹೇಳುವುದಿಲ್ಲ. ಸಂಬಳ 'ಮಾಲಕರ ಹತ್ತಿರ ಜಮಾ ಅದ' ಎನ್ನುತ್ತಾರೆ. ಹಬ್ಬಕ್ಕೆ ಬಾ ಎಂದರೆ ಮಾತು ತಪ್ಪಿಸುತ್ತಾರೆ. ಇದಕ್ಕೊಂದು ಸುಲಭ ಉಪಾಯವುಂಟು. ಹೊರಡುವ ಮೊದಲೆ ಮನೆಯವರೆಲ್ಲ ಕುಳಿತು ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಬೇಕು. ಮನೆಯಲ್ಲಿ ಎಮ್ಮೆಯೇ ಇಲ್ಲ. ಆದರೂ ಮಗಳು ಫೋನಿನಲ್ಲಿ 'ಎಮ್ಮಿ ಈದದೇನವ್ವ?' ಎಂದು ಕೇಳಿದರೆ ಆಪತ್ತಿನಲ್ಲಿದ್ದಾಳೆಂದು ತಾಯಿ ತಿಳಿಯಬೇಕು. ಪಕ್ಕದಲ್ಲಿ ನಿಂತು ಕೇಳುವವನಿಗೆ ಅದು ಊರ ಮಾತು. ತಾಯಿಗೆ ಅದು ಕೂಗು. ಇದರ ಜೊತೆಗೆ ಮಕ್ಕಳು ಎರಡು ಫೋನ್ ಸಂಖ್ಯೆಗಳನ್ನಾದರೂ ಬಾಯಿಪಾಠ ಮಾಡಿರಬೇಕು. ಫೋನು ಕಸಿದುಕೊಳ್ಳಬಹುದು, ನೆನಪನ್ನು ಕಸಿಯಲಾಗದು.

ನಾಲ್ಕನೆಯ ಬಗೆಯ ಗುರುತುಗಳನ್ನು ನೋಡುವುದಕ್ಕೆ ಬಸ್ಸು ಹತ್ತಬೇಕಾಗಿಲ್ಲ. ನಮ್ಮ ಓಣಿಯಲ್ಲಿ, ಒಮ್ಮೊಮ್ಮೆ ನಮ್ಮ ಅಡಿಗೆಮನೆಯಲ್ಲೇ ನೋಡಬಹುದು. ಪಡೆದವನೂ ಅಪರಾಧಿ ಎಂಬ ಮಾತಿಗೆ ತಿರುಗಿ ಬರುತ್ತೇನೆಂದು ಹೇಳಿದ್ದೆನಷ್ಟೆ. 'ಹಳ್ಳಿಯಿಂದ ಒಂದು ಹುಡುಗಿಯನ್ನು ತರಿಸಿಕೊಂಡಿದ್ದೇವೆ. ಮನೆಯಲ್ಲಿ ಊಟಕ್ಕಿರಲಿಲ್ಲ. ಇಲ್ಲಿ ನಮ್ಮ ಮಗಳ ಹಾಗೆಯೇ ಇದ್ದಾಳೆ' ಎಂದು ಹೇಳುವ ಸಜ್ಜನರನ್ನು ನಾವೆಲ್ಲ ಬಲ್ಲೆವು. ಹೇಳುವವರಲ್ಲಿ ಕೆಟ್ಟ ಮನಸ್ಸೂ ಇರಲಿಕ್ಕಿಲ್ಲ. ಆದರೆ ಒಂದೊಂದಾಗಿ ಕೇಳಿಕೊಳ್ಳೋಣ. ಅವಳ ವಯಸ್ಸೆಷ್ಟು? ನಮ್ಮ ಮಗಳು ಶಾಲೆಗೆ ಹೋಗುವ ಹೊತ್ತಿನಲ್ಲಿ ಅವಳೆಲ್ಲಿರುತ್ತಾಳೆ? ಎಲ್ಲರ ಊಟವಾದ ಮೇಲೆ ಎಲ್ಲಿ ಕುಳಿತು ಉಣ್ಣುತ್ತಾಳೆ, ಎಲ್ಲಿ ಮಲಗುತ್ತಾಳೆ? ಅವಳ ದುಡಿಮೆಯ ಹಣ ಯಾರ ಕೈ ಸೇರುತ್ತದೆ? ಅವಳನ್ನು ತಂದುಕೊಟ್ಟವನಿಗೆ ನಾವು ಎಷ್ಟು ಕೊಟ್ಟೆವು? ಕೊನೆಯದಾಗಿ, 'ನಾಳೆ ಊರಿಗೆ ಹೋಗುತ್ತೇನೆ' ಎಂದು ಅವಳು ಹೇಳಿದರೆ ಹೋಗಬಲ್ಲಳೆ?

ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ, ಹೋಟೆಲು ಧಾಬಾಗಳ ಕೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿಯು ಆ ನಿಷೇಧವನ್ನು ಸ್ವಂತ ಮನೆತನದ ಕೆಲಸಕ್ಕೆ ಕೈಗೂಡಿಸುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಹದಿನೆಂಟರ ಒಳಗಿನವರನ್ನು ದುಡಿತಕ್ಕಾಗಿ ಕಟ್ಟಿಹಾಕಿಕೊಳ್ಳುವುದು, ಅವರ ದುಡಿಮೆಯ ಹಣವನ್ನು ತಡೆಹಿಡಿಯುವುದು 2015ರ ಬಾಲನ್ಯಾಯ ಕಾಯಿದೆಯಂತೆ ಅಪರಾಧ. ಹಳ್ಳಿಯ ದಲ್ಲಾಳಿಯ ಗುರುತನ್ನು ಹುಡುಕುವ ನಾವು ಇದನ್ನು ಮರೆತರೆ ಹೇಗೆ? ಕೊಳ್ಳುವವನಿಲ್ಲದೆ ಯಾವ ಸಂತೆಯೂ ಕೂಡುವುದಿಲ್ಲ.

ಗುರುತು ಕಂಡ ಮೇಲೆ ಮಾಡಬೇಕಾದುದೇನು? ನೀವೇ ಬಿಡಿಸಲು ಹೋಗಬೇಡಿ. ಅದರಿಂದ ನಿಮಗೂ ಅಪಾಯ, ಸಿಕ್ಕವರಿಗೂ ಅಪಾಯ. ಸುಳಿವು ಸಿಕ್ಕರೆ ರಾತ್ರೋರಾತ್ರಿ ಅವರನ್ನು ಬೇರೆಡೆ ಸಾಗಿಸುತ್ತಾರೆ. ಎಲ್ಲಿ, ಯಾವಾಗ, ಯಾವ ಗಾಡಿ, ಅದರ ಸಂಖ್ಯೆ, ಎಷ್ಟು ಜನ ಇಷ್ಟನ್ನು ಗಮನಿಸಿ 112ಕ್ಕೆ ಫೋನು ಮಾಡಿರಿ. ಮಕ್ಕಳಾದರೆ 1098, ಹೆಣ್ಣುಮಕ್ಕಳಿಗೆ 181, ರೈಲಿನಲ್ಲಿ 139. ಈ ಸಂಖ್ಯೆಗಳನ್ನು ರೇಡಿಯೋ ಇರುವ ಗೋಡೆಯ ಮೇಲೆ ಬರೆದು ಅಂಟಿಸಿದರೆ ಮನೆಗೆಲ್ಲ ಉಪಯೋಗ.

ಮನೆಯವರೇ ಕಾಣೆಯಾಗಿದ್ದರೆ ಹೊತ್ತು ಕಳೆಯಬಾರದು. 'ಎರಡು ದಿನ ಕಾದು ನೋಡಿ' ಎಂದು ಯಾರು ಹೇಳಿದರೂ ಕೇಳಬೇಡಿ. ಮಗು ಕಾಣೆಯಾದ ದೂರು ಬಂದರೆ ಅದನ್ನು ಅಪಹರಣ ಅಥವಾ ಸಾಗಾಣಿಕೆಯೆಂದೇ ಭಾವಿಸಿ ಮೊಕದ್ದಮೆ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿ ಆಜ್ಞೆ ಮಾಡಿದೆ. ನಮ್ಮ ಗಡಿ ಸೀಮೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. ಅನ್ಯಾಯ ಪುಣೆಯಲ್ಲಿ ನಡೆದಿದ್ದರೂ ದೂರನ್ನು ಆಳಂದದ ಠಾಣೆಯಲ್ಲೇ ಕೊಡಬಹುದು. 'ಇದು ನಮ್ಮ ಹದ್ದಿನದಲ್ಲ' ಎಂದು ತಿರುಗಿ ಕಳಿಸುವಂತಿಲ್ಲ. 2024ರಿಂದ ಜಾರಿಯಲ್ಲಿರುವ ಹೊಸ ದಂಡಪ್ರಕ್ರಿಯೆಯ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಈ ಮಾತನ್ನು ಬರೆದೇ ಇಟ್ಟಿದ್ದಾರೆ. ಜೀತದಲ್ಲಿ ಸಿಕ್ಕವರ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ತಿಳಿಸಬೇಕು. ಬಿಡುಗಡೆಯ ಪತ್ರ ಕೇಳಿ ಪಡೆಯಬೇಕು. ಪುನರ್ವಸತಿಯ ನೆರವಿಗೆ ಆ ಪತ್ರವೇ ಆಧಾರ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಸಾಗಾಣಿಕೆಗೂ ಬಿಟ್ಟಿ ದುಡಿಮೆಗೂ ಸಿಕ್ಕವರಿಗೆ ವಕೀಲರ ನೆರವು ಉಚಿತ; ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಬಹುದು.

ಕೊನೆಗೆ ಒಂದು ಮಾತು. ಎಷ್ಟೋ ಕಷ್ಟಪಟ್ಟು ಬಿಡಿಸಿಕೊಂಡು ಬಂದ ಹುಡುಗಿ ಊರ ಬಸ್ಸಿನಿಂದ ಇಳಿಯುತ್ತಾಳೆಂದು ಇಟ್ಟುಕೊಳ್ಳೋಣ. ಓಣಿಯ ಕಿಟಕಿಗಳು ಅರ್ಧ ತೆರೆಯುತ್ತವೆ. ಎಲ್ಲಿಗೆ ಹೋಗಿದ್ದಳು, ಏನು ಮಾಡಿ ಬಂದಳು ಎಂದು ಪಿಸುಮಾತು ಏಳುತ್ತದೆ. ನೀರು ತುಂಬಲು ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಾರೆ. 'ಊರಿಗೆ ಹೋದರೂ ನಿನ್ನನ್ನು ಯಾರು ಸೇರಿಸುತ್ತಾರೆ?' ಎಂದು ಅಲ್ಲಿದ್ದಾಗ ಅವರು ಹೆದರಿಸುತ್ತಿದ್ದ ಮಾತು ನಿಜವೆಂದು ಅವಳಿಗೆ ಆಗ ತೋರುತ್ತದೆ. ಬಿಡಿಸಿಕೊಂಡು ಬಂದವರು ಎರಡನೆಯ ಸಲ ಅದೇ ಜಾಲಕ್ಕೆ ಸಿಕ್ಕುವುದು ಹೀಗೆಯೇ. ಕೂಲಿಗೆ ಹೋಗಿ ಬರಿಗೈಯಲ್ಲಿ ಬಂದ ಗಂಡಸನ್ನು ನಾಲ್ಕು ಜನ ನಕ್ಕಾಗಲೂ ಇದೇ ಆಗುತ್ತದೆ. ಅವನು ಮರುವರ್ಷ ಅದೇ ಮುಕಾದಮನ ಮುಂದೆ ನಿಲ್ಲುತ್ತಾನೆ.

ಕಾನೂನು ಅವರನ್ನು ಊರ ಬಸ್ಸಿನ ತನಕ ತಂದು ಬಿಡಬಲ್ಲುದು. ಬಸ್ ನಿಲ್ದಾಣದಿಂದ ಮನೆಯ ಬಾಗಿಲ ತನಕ ಉಳಿದ ದಾರಿ ನಮ್ಮ ಓಣಿಯಲ್ಲೇ ಹಾದು ಹೋಗುತ್ತದೆ. ಅವಳು ಆ ದಾರಿಯಲ್ಲಿ ನಡೆದು ಬರುವಾಗ ಒಬ್ಬ ಹಿರಿಯಳು ಬಾಗಿಲಿಗೆ ಬಂದು, 'ಬಂದೇನವ್ವಾ, ಬಾ, ಕೈಕಾಲು ತೊಳಕೋ, ಊಟ ಮಾಡು' ಎಂದಳಾದರೆ, ಅಷ್ಟರ ಮಟ್ಟಿಗೆ ಆ ದಾರಿ ತೆರೆಯಿತು.